ಬೆನ್ನು ತೋರಿಸಿ ಕುಣಿಯುವ ಹಕ್ಕು

1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅರಮನೆಯೊಳಗಿನ ನೃತ್ಯಶಾಲೆಯೊಂದರ ವಿಷಯ ಬರೆದಿಟ್ಟಿದ್ದಾನೆ. ಒಂದೊಂದು ಕುಣಿತ ಮುಗಿಯುವಾಗ ನರ್ತಕಿ ಹೇಗೆ ನಿಲ್ಲಬೇಕೆಂಬುದನ್ನು ಅಲ್ಲಿನ ಫಲಕಗಳಲ್ಲಿ ಕಡೆದಿದ್ದರಂತೆ. ಕಲಿಯುವವಳು ಮರೆತರೆ ಫಲಕ ನೋಡಿ ನೆನಪಿಸಿಕೊಳ್ಳಲಿ ಎಂದು. ಆ ಶಾಲೆ ಈಗಿಲ್ಲ. ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಕೋಲು ಹಿಡಿದ ಹೆಂಗಸರು ಮಾತ್ರ ಐನೂರು ವರ್ಷಗಳಿಂದ ಅದೇ ಹೆಜ್ಜೆಯಲ್ಲಿ ನಿಂತಿದ್ದಾರೆ. ಅವರು ಹಾಡುತ್ತಿದ್ದ ಹಾಡು ಯಾವುದು, ಮುಂದಿನ ಹೆಜ್ಜೆ ಎತ್ತ ಹೋಗುತ್ತಿತ್ತು ಎಂದು ಆ ಕಲ್ಲನ್ನು ಕೇಳಿ ಪ್ರಯೋಜನವಿಲ್ಲ. ಹಂಪಿಯ ಸ್ಮಾರಕಗಳನ್ನು ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿಕೊಂಡದ್ದು 1986ರಲ್ಲಿ. ಹಾಡು, ಕುಣಿತ, ಕಸುಬುಗಳನ್ನು ಕಾಯಲು ಬೇರೆಯದೇ ಒಡಂಬಡಿಕೆ ಬೇಕೆಂದು ಅದೇ ಸಂಸ್ಥೆಗೆ ಅನಿಸಿ ಕಾಗದಕ್ಕೆ ಬಂದದ್ದು 2003ರಲ್ಲಿ. ಕಲ್ಲನ್ನು ಕಾಯಲು ಬೇಲಿ ಸಾಕು, ಕುಣಿತಕ್ಕೆ ಕುಣಿಯುವವರೇ ಬೇಕು ಎಂಬ ಸಣ್ಣ ಮಾತನ್ನು ಒಪ್ಪಿಕೊಳ್ಳಲು ಜಗತ್ತಿಗೆ ಅಷ್ಟು ಕಾಲ ಹಿಡಿಯಿತು.

ಹಾಗಾದರೆ ಜನಪದ ಕುಣಿತವನ್ನು ವೇದಿಕೆಗೆ ಹತ್ತಿಸುವುದು ಉಳಿಸುವ ದಾರಿಯೋ, ಇನ್ನೊಂದು ಬಗೆಯ ಕಲ್ಲಾಗಿಸುವ ದಾರಿಯೋ? ರಾಜಕಾರಣಿ ಎಂ.ಪಿ. ಪ್ರಕಾಶ್ ಅವರ ಆಸಕ್ತಿಯಿಂದ 1980ರ ದಶಕದಲ್ಲಿ ಶುರುವಾದ ಹಂಪಿ ಉತ್ಸವ ಈ ಪ್ರಶ್ನೆಯನ್ನು ಬಳ್ಳಾರಿ ಸೀಮೆಯ ಮುಂದೆ ಮತ್ತೆ ಮತ್ತೆ ಇಡುತ್ತದೆ. ಸಂಡೂರು ಸೀಮೆಯ ಲಂಬಾಣಿ ಕುಣಿತವನ್ನೇ ತೆಗೆದುಕೊಳ್ಳೋಣ. ತಾಂಡಾದಲ್ಲಿ ಅದು ತೀಜ್, ಹೋಳಿ, ಮದುವೆಗಳಿಗೆ ಅಂಟಿಕೊಂಡು ಬಂದದ್ದು. ತೀಜ್‌ನಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಗೋಧಿ ಬಿತ್ತಿ, ದಿನವೂ ನೀರೆರೆದು, ಮೊಳಕೆಯ ಸುತ್ತ ಹಾಡಿ ಕುಣಿಯುತ್ತಾರೆ. ಅವರು ನಿಲ್ಲುವುದು ವೃತ್ತದಲ್ಲಿ, ಮುಖವೆಲ್ಲ ಒಳಗಡೆಗೆ. ನೋಡುವವರಿಗೆ ಕಾಣುವುದು ಹೆಚ್ಚಾಗಿ ಬೆನ್ನು. ಅದು ಯಾರಿಗೂ ಕೊರತೆಯಾಗಿ ತೋರುವುದಿಲ್ಲ, ಏಕೆಂದರೆ ಅವರು ಕುಣಿಯುತ್ತಿರುವುದು ಮೊಳಕೆಗಾಗಿ ಮತ್ತು ಪರಸ್ಪರರಿಗಾಗಿ. ಇದೇ ಕುಣಿತ ಮೂರು ಕಡೆ ಮುಚ್ಚಿ ಒಂದು ಕಡೆ ತೆರೆದ ವೇದಿಕೆಗೆ ಬಂದೊಡನೆ ವೃತ್ತ ಒಡೆದು ಅರ್ಧಚಂದ್ರವಾಗುತ್ತದೆ, ಆಮೇಲೆ ಸಾಲಾಗುತ್ತದೆ. ಮುಖಗಳು ಹೊರಗೆ ತಿರುಗುತ್ತವೆ, ತುಟಿಗೆ ನಗು ಬರುತ್ತದೆ. ಲಂಬಾಣಿಗರ ನುಡಿಯಾದ ಗೋರ್ ಬೋಲಿಯಲ್ಲಿ ಕುಣಿಯುವವರೇ ಹಾಡುತ್ತಿದ್ದ ಹಾಡಿನ ಜಾಗಕ್ಕೆ ಧ್ವನಿಮುದ್ರಿತ ಟ್ರ್ಯಾಕ್ ಬರುತ್ತದೆ. ಹಾಡುವವಳು ಉಸಿರು ತೆಗೆದುಕೊಳ್ಳುವ ಕಡೆ ಹೆಜ್ಜೆ ನಿಧಾನಿಸಬೇಕು. ಟ್ರ್ಯಾಕಿಗೆ ಉಸಿರಿಲ್ಲ, ಹಾಗಾಗಿ ಹೆಜ್ಜೆಗೂ ಬಿಡುವಿಲ್ಲ. ನೋಡುವವರು ಅದನ್ನು ಹುರುಪು ಎಂದುಕೊಳ್ಳುತ್ತಾರೆ.

ಉಡುಗೆಯ ಕತೆಯೂ ಬೇರೆಯಲ್ಲ. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ, ತಲೆಯ ಮೇಲಿನ ಟುಕ್ರಿ ಇವುಗಳಿಗೆ ಹೊಲಿದ ಕನ್ನಡಿ, ಕವಡೆ, ನಾಣ್ಯಗಳನ್ನು ಅಲಂಕಾರವೆಂದಷ್ಟೇ ತಿಳಿದವರು ಕುಣಿತದ ಅರ್ಧ ವಾದ್ಯಗಳನ್ನು ಮರೆತಂತೆ. ಆ ಭಾರ ಮೈಯ ಬಾಗನ್ನು ನಿರ್ಧರಿಸುತ್ತದೆ, ಆ ನಾಣ್ಯಗಳ ಸದ್ದು ತಾಳಕ್ಕೆ ತಾಳ ಸೇರಿಸುತ್ತದೆ. ಬಾಡಿಗೆಗೆ ಸಿಗುವ ಹಗುರ ಪಾಲಿಯೆಸ್ಟರ್ ಲಂಗದಲ್ಲಿ ಶಾಲಾ ವಾರ್ಷಿಕೋತ್ಸವದ ಮಕ್ಕಳು ಕುಣಿಯುವಾಗ ಹೆಜ್ಜೆ ಅದೇ ಇರಬಹುದು, ಮೈ ಬೇರೆ. ವಿಚಿತ್ರವೆಂದರೆ, ಈ ಸೀಮೆ ಕುಣಿತಕ್ಕೆ ಕೊಡದ ಗೌರವವನ್ನು ಬಟ್ಟೆಗೆ ಕೊಟ್ಟಿದೆ. ಸಂಡೂರು ಕುಶಲ ಕಲಾ ಕೇಂದ್ರದ ಹೆಂಗಸರು 1980ರ ದಶಕದಿಂದ ಹಾಕುತ್ತ ಬಂದ ಹೊಲಿಗೆಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಜಿ-20 ಸಂಸ್ಕೃತಿ ಸಭೆ ಹಂಪಿಯಲ್ಲಿ ಸೇರಿದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದ ಬಂದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕಸೂತಿಗೆ ಒಂದು ಅನುಕೂಲವಿದೆ: ಯಾರು ಹೊಲಿದರು, ಎಲ್ಲಿ ಹೊಲಿದರು ಎಂದು ಕೇಳುವ ಪದ್ಧತಿ ಅದರ ಮಾನ್ಯತೆಯೊಳಗೇ ಇದೆ. ಕುಣಿತದ ಬಗ್ಗೆ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಇಷ್ಟು ಹೇಳಿದ ಮೇಲೆ, ಕುಣಿತವನ್ನು ತಾಂಡಾಕ್ಕೆ, ಗುಡಿಗೆ, ಹಟ್ಟಿಗೆ ಮರಳಿಸಿಬಿಡಿ, ಅಲ್ಲೇ ಅದು ಶುದ್ಧವಾಗಿರುತ್ತದೆ ಎಂದು ವಾದಿಸುವುದು ಸುಲಭ. ಆ ಸುಲಭದ ದಾರಿಯನ್ನು ಮುಚ್ಚುವ ಉದಾಹರಣೆ ಇದೇ ಸೀಮೆಯಲ್ಲಿದೆ. ಜೋಗತಿ ನೃತ್ಯ ಎಲ್ಲಮ್ಮನ ಸೇವೆಯಿಂದ ಬಂದದ್ದು. ಚೌಡಿಕೆ ವಾದ್ಯದ ನಾದಕ್ಕೆ ತಲೆಯ ಮೇಲೆ ಕೊಡ ಹೊತ್ತು, ಕೈ ಹಿಡಿಯದೆ, ಕೊಡ ಕದಲದಂತೆ ಆಡುವ ಕುಣಿತ. ಆದರೆ ಅದು ಹುಟ್ಟಿದ ಜಗತ್ತಿನಲ್ಲಿ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿ ದೇವದಾಸಿಯರನ್ನಾಗಿಸುವ ಕ್ರೌರ್ಯವೂ ಇತ್ತು, ಭಿಕ್ಷೆಯೂ ಇತ್ತು. ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ತಂದದ್ದು ಸುಮ್ಮನೆ ಅಲ್ಲ. ಈ ಕುಣಿತವನ್ನು ಅದರ ಮೂಲಕ್ಕೆ ಮರಳಿಸಿ ಎನ್ನುವವರು ಯಾವ ಮೂಲಕ್ಕೆ ಎಂದು ಹೇಳಬೇಕಾಗುತ್ತದೆ. ಹೊಸಪೇಟೆ ಬಳಿಯ ಮರಿಯಮ್ಮನಹಳ್ಳಿಯಲ್ಲಿ ಕಾಳವ್ವ ಜೋಗತಿಯವರಿಂದ ಕಲಿತ ಮಂಜಮ್ಮ ಜೋಗತಿ ಅದನ್ನು ವೇದಿಕೆಗೆ ತಂದರು, ತಂಡ ಮುನ್ನಡೆಸಿದರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ ಅವರು. 2021ರಲ್ಲಿ ಪದ್ಮಶ್ರೀಯೂ ಬಂತು. ಬೀದಿಯಲ್ಲಿ ಗೇಲಿಗೆ ಗುರಿಯಾಗುತ್ತಿದ್ದ ಮೈಯನ್ನು ಕಲಾವಿದೆಯ ಮೈ ಎಂದು ಊರು ನೋಡತೊಡಗಿದ್ದು ವೇದಿಕೆಯ ಮೇಲೆ. ಇಲ್ಲಿ ವೇದಿಕೆ ಕುಣಿತವನ್ನು ಕೆಡಿಸಿತು ಎನ್ನಲು ಬಾಯಿ ಬರುವುದಿಲ್ಲ.

ಒಂದೇ ವೇದಿಕೆ ಒಂದು ಕಡೆ ಬಿಡುಗಡೆಯಾಗಿ, ಇನ್ನೊಂದು ಕಡೆ ಕತ್ತರಿಯಾಗಿ ಕೆಲಸ ಮಾಡಿದೆ. ವ್ಯತ್ಯಾಸ ಎಲ್ಲಿದೆ? ಜೋಗತಿ ನೃತ್ಯದಲ್ಲಿ ಏನು ಉಳಿಯಬೇಕು, ಏನು ಹೋಗಬೇಕು ಎಂದು ತೀರ್ಮಾನಿಸಿದವರು ಅದನ್ನು ಕುಣಿಯುವವರೇ. ಲಂಬಾಣಿ ಕುಣಿತವನ್ನು ಎಷ್ಟು ನಿಮಿಷಕ್ಕೆ ಮುಗಿಸಬೇಕು, ಯಾವ ಕಡೆ ಮುಖ ಮಾಡಬೇಕು ಎಂದು ಹೇಳುವವರು ಬಹುಪಾಲು ಕಾರ್ಯಕ್ರಮದ ಪಟ್ಟಿ ಹಿಡಿದು ನಿಂತವರು. ಸಂರಕ್ಷಣೆಯ ಪ್ರಶ್ನೆ ನನಗೆ ಕಾಣುವಂತೆ ಇಷ್ಟೇ: ತಿದ್ದುವ ಅಧಿಕಾರ ಯಾರದು.

ಇದೇ ಜಗ್ಗಾಟವನ್ನು ಫಿಲಿಪೈನ್ಸ್ ನಮಗಿಂತ ಮೊದಲೇ, ನಮಗಿಂತ ಬಹಿರಂಗವಾಗಿ ಅನುಭವಿಸಿದೆ. ಅಲ್ಲಿ ಫ್ರಾನ್ಸಿಸ್ಕಾ ರೇಯೆಸ್ ಅಕಿನೊ ಎಂಬ ಶಿಕ್ಷಕಿ 1920ರ ದಶಕದಿಂದ ಹಳ್ಳಿ ಹಳ್ಳಿ ತಿರುಗಿ ಹೆಜ್ಜೆ, ತಾಳ, ಉಡುಗೆಗಳನ್ನು ಬರೆದುಕೊಂಡು ಶಾಲೆಗಳಿಗೆ ಒಯ್ದರು. ಬಿದಿರು ಗಳಗಳ ನಡುವೆ ಜಿಗಿಯುವ ಟಿನಿಕ್ಲಿಂಗ್ ಇಂದು ಆ ದೇಶದ ಗುರುತಾಗಿರುವುದಕ್ಕೆ ಆ ಕೆಲಸವೂ ಕಾರಣ. 1957ರಲ್ಲಿ ಹುಟ್ಟಿದ ಬಯಾನಿಹಾನ್ ತಂಡ ಮರುವರ್ಷವೇ ಬ್ರಸೆಲ್ಸ್‌ನ ವಿಶ್ವಮೇಳದಲ್ಲಿ ಕುಣಿಯಿತು. ಹಳ್ಳಿಯ ಕುಣಿತಗಳನ್ನು ಕತ್ತರಿಸಿ, ಪೋಣಿಸಿ, ಬೆಳಕು ಬಣ್ಣ ಕೊಟ್ಟು ಜಗತ್ತೆಲ್ಲ ತೋರಿಸಿತು. ಅದರ ಸಿಂಗ್ಕಿಲ್ ಎಂಬ ಕುಣಿತ ತುಂಬ ಹೆಸರು ಮಾಡಿತು. ಆದರೆ ಆ ಕುಣಿತ ಯಾರದೋ ಆ ಮರನಾವ್ ಮುಸ್ಲಿಮರ ಕಡೆಯಿಂದ, ಇದು ನಮ್ಮ ನಡೆಯಲ್ಲ ಎಂಬ ಆಕ್ಷೇಪ ಬಂತು. 1972ರಲ್ಲಿ ರಾಮೋನ್ ಒಬುಸಾನ್ ಬೇರೊಂದು ತಂಡ ಕಟ್ಟಿ, ಹಳ್ಳಿಯವರು ಹೇಗೆ ಕುಣಿಯುತ್ತಾರೋ ಆದಷ್ಟು ಹಾಗೆಯೇ ವೇದಿಕೆಯಲ್ಲಿ ಕಾಣಬೇಕೆಂದು ಹಟ ಹಿಡಿದರು. ಕುತೂಹಲದ ಸಂಗತಿಯೆಂದರೆ ಒಬುಸಾನ್ ಬಯಾನಿಹಾನ್‌ನಲ್ಲಿ ಕುಣಿದು ಬಂದವರು. ವೇದಿಕೆಯ ಮೋಹವನ್ನು ಒಳಗಿನಿಂದ ಬಲ್ಲವರೇ ಅದಕ್ಕೆ ಲಗಾಮು ಹಾಕಿದರು, ಆದರೆ ವೇದಿಕೆಯನ್ನು ಬಿಡಲಿಲ್ಲ.

ನನ್ನ ಈ ವಾದಕ್ಕೆ ಎದುರಾಗುವ ಮಾತುಗಳು ಹಗುರವಾದವೇನಲ್ಲ. ಯಾವ ಕುಣಿತವೂ ನಿಂತ ನೀರಲ್ಲ, ತಾಂಡಾದಲ್ಲೂ ಡಿಜೆ ಬಂದಿದೆ, ನೀವು ಯಾವ ಶುದ್ಧಿಯನ್ನು ಕಾಯಲು ಹೊರಟಿದ್ದೀರಿ ಎಂದು ಕೇಳಬಹುದು. ಒಪ್ಪಬೇಕಾದ ಮಾತೇ. ತಾಂಡಾದ ಹುಡುಗಿಯರು ಡಿಜೆಗೆ ಕುಣಿದರೆ ಅದು ಅವರ ಸಂತೋಷ, ಅದಕ್ಕೆ ಅಪ್ಪಣೆ ಕೊಡಲು ವಿದ್ವಾಂಸರು ಯಾರು? ನನ್ನ ತಕರಾರು ಬದಲಾವಣೆಯ ಮೇಲಿಲ್ಲ, ಹೊರಗಿನವರು ಬದಲಿಸಿ ಅದಕ್ಕೆ 'ಸಾಂಪ್ರದಾಯಿಕ' ಎಂಬ ಹಣೆಪಟ್ಟಿ ಅಂಟಿಸುವುದರ ಮೇಲೆ. ಇನ್ನೊಂದು ಮಾತು: ಜನರಿಗೆ ತಾಳ್ಮೆಯಿಲ್ಲ, ಹತ್ತು ನಿಮಿಷ ಮೀರಿದರೆ ಕುರ್ಚಿ ಖಾಲಿ. ಇದನ್ನು ಬಳ್ಳಾರಿ ಸೀಮೆಯಲ್ಲಿ ನಿಂತು ಹೇಳುವುದು ಕಷ್ಟ. ದೊಡ್ಡಾಟಕ್ಕೆ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಕೂತ ಊರುಗಳು ಇವು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದ ಬುರ್ರಕಥಾ ಕಲಾವಿದೆ, ಹನ್ನೆರಡು ಮಹಾಕಾವ್ಯಗಳನ್ನು ಅಕ್ಷರದ ಹಂಗಿಲ್ಲದೆ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. ಕೇಳುವವರೇ ಇಲ್ಲದಿದ್ದರೆ ಹನ್ನೆರಡು ಕಾವ್ಯ ಯಾರ ನೆನಪಿನಲ್ಲೂ ನಿಲ್ಲುತ್ತಿರಲಿಲ್ಲ. ತಾಳ್ಮೆ ಹೋಯಿತೆನ್ನುವವರು ತಾಳ್ಮೆಗೆ ಅವಕಾಶ ಕೊಟ್ಟು ನೋಡಿದ್ದಾರೆಯೇ?

ಹೊಟ್ಟೆಪಾಡಿನ ಮಾತಿಗೆ ಮಾತ್ರ ತಲೆಬಾಗಲೇಬೇಕು. ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ತಾಂಡಾಗಳಲ್ಲಿ ಉತ್ಸವದ ಸಂಭಾವನೆ ಸಣ್ಣದಲ್ಲ. ಹತ್ತು ನಿಮಿಷದ ಕರೆಯಾದರೂ ಬರಲಿ ಎಂದು ತಂಡದವರು ಬಯಸಿದರೆ ಅದನ್ನು ದೂರುವ ನೈತಿಕತೆ ನಗರದ ರಸಿಕನಿಗಿಲ್ಲ. ಆದರೆ ಈ ಮಾತು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ. ಕುಣಿತಕ್ಕೆ ಹೆಚ್ಚು ಹೊತ್ತು ಕೊಡುವುದೆಂದರೆ ಕುಣಿಯುವವರಿಗೆ ಹೆಚ್ಚು ಹಣ ಕೊಡುವುದೂ ಹೌದು. ಟ್ರ್ಯಾಕ್ ಬೇಡವೆಂದರೆ ನಗಾರಿಯವನಿಗೂ ಹಾಡುವ ಮುದುಕಿಗೂ ಬಸ್ ಚಾರ್ಜು, ಊಟ, ಕೂಲಿ ಸೇರಿಸುವುದು ಎಂದರ್ಥ.

ಲಂಬಾಣಿಗರ ಊರಾದ ಸಂಡೂರಿನ ಸುಶೀಲಾನಗರದಿಂದ ಹಂಪಿ ಬಹಳ ದೂರವೇನಿಲ್ಲ. ಉತ್ಸವ ನಡೆಸುವವರಲ್ಲಿ ಕೇಳಿಕೊಳ್ಳುವುದು ಒಂದೇ. ಮುಂದಿನ ಸಲ ಒಂದು ಸಂಜೆಯನ್ನು, ಒಂದೇ ಒಂದು, ಎತ್ತರದ ವೇದಿಕೆಯಿಂದ ಕೆಳಗಿಳಿಸಿ, ಮಟ್ಟಸ ನೆಲದ ಮೇಲೆ ತಾಂಡಾದ ಹೆಂಗಸರಿಗೆ ಬಿಟ್ಟುಕೊಡಿ. ಎಷ್ಟು ಹೊತ್ತು ಎಂದು ಅವರನ್ನೇ ಕೇಳಿ. ನೋಡುವವರು ಸುತ್ತಲೂ ನಿಲ್ಲಲಿ, ಅವರು ವೃತ್ತ ಕಟ್ಟಲಿ, ನಮಗೆ ಬೆನ್ನು ಕಂಡರೆ ಕಾಣಲಿ.