ಸೋಂಕಿಲ್ಲದ ಹೊತ್ತಿನಲ್ಲೇ ಲಸಿಕೆಗೆ ಹಣ ಬೇಕು

ಕೋವಿಡ್ ಮುಗಿಯಿತು, ಇನ್ನೂ ಕೊರೊನಾ ಲಸಿಕೆಯ ಸಂಶೋಧನೆಗೆ ದುಡ್ಡು ಸುರಿಯುವುದೇಕೆ? ಈ ಪ್ರಶ್ನೆಗೆ ಅಮೆರಿಕದ ಹ್ಯೂಸ್ಟನ್‌ನಿಂದ ಆಗಲೇ ಉತ್ತರ ಬಂದಿದೆ. ಅಲ್ಲಿನ ವಿಜ್ಞಾನಿಗಳಾದ ಪೀಟರ್ ಹೋಟೆಜ್ ಮತ್ತು ಮರಿಯಾ ಎಲೆನಾ ಬೊಟಾಜಿ ಅವರ ತಂಡ 2016ರ ಹೊತ್ತಿಗೇ, ಇನ್ನೊಂದು ಕೊರೊನಾ ವೈರಸ್‌ನಿಂದ ಬರುವ ಸಾರ್ಸ್ ರೋಗದ ವಿರುದ್ಧ ಪ್ರೋಟೀನ್ ಲಸಿಕೆಯೊಂದನ್ನು ಸಿದ್ಧಪಡಿಸಿತ್ತು. ರೋಗ ಕಣ್ಮರೆಯಾಗಿದ್ದರಿಂದ ಮನುಷ್ಯರ ಮೇಲಿನ ಪ್ರಯೋಗಕ್ಕೆ ಹಣ ಹುಟ್ಟಲಿಲ್ಲ. ಲಸಿಕೆ ಫ್ರೀಜರ್‌ನಲ್ಲೇ ಉಳಿಯಿತು. ಅದೇ ಅನುಭವದ ಬಲದಿಂದ ಹೈದರಾಬಾದಿನ ಬಯಾಲಜಿಕಲ್ ಇ ಕಂಪನಿಯ ಜೊತೆ ರೂಪಿಸಿದ್ದು ಕೋವಿಡ್ ಲಸಿಕೆ ಕೋರ್ಬೆವ್ಯಾಕ್ಸ್. ಯೀಸ್ಟ್‌ನಲ್ಲಿ ತಯಾರಿಸಿದ ವೈರಸ್ ಪ್ರೋಟೀನಿನ ತುಣುಕು, ಜೊತೆಗೆ ದೇಹದ ಪ್ರತಿರೋಧವನ್ನು ಕೆರಳಿಸುವ ಪದಾರ್ಥ. ಹೆಪಟೈಟಿಸ್ ಬಿ ಲಸಿಕೆಯನ್ನು ದಶಕಗಳಿಂದ ಮಾಡುತ್ತಿರುವುದೂ ಹೆಚ್ಚುಕಡಿಮೆ ಹೀಗೆಯೇ. ಕೋರ್ಬೆವ್ಯಾಕ್ಸ್‌ಗೆ ಪೇಟೆಂಟ್ ಹಂಗಿಲ್ಲ, ಸಾಮಾನ್ಯ ಫ್ರಿಜ್ ಸಾಕು. ಆದರೆ ಭಾರತದಲ್ಲಿ ತುರ್ತು ಅನುಮತಿ ಸಿಕ್ಕಿದ್ದು 2021ರ ಡಿಸೆಂಬರ್ ಕೊನೆಗೆ, ಡೆಲ್ಟಾ ಅಲೆ ಆಗುವ ಅನಾಹುತವನ್ನೆಲ್ಲ ಮಾಡಿ ಹೋದ ಮೇಲೆ.

ಎಂಆರ್‌ಎನ್‌ಎ ಲಸಿಕೆ ವರ್ಷದೊಳಗೇ ಬಂತಲ್ಲ ಎನ್ನುವವರ ಮಾತು ಸುಳ್ಳಲ್ಲ. ವೇಗದಲ್ಲಿ ಪ್ರೋಟೀನ್ ಲಸಿಕೆ ಹಿಂದೆಯೇ. ಆದರೆ ಎಂಆರ್‌ಎನ್‌ಎ ಬಗೆಯದೇ ಆದ ಫೈಜರ್ ಲಸಿಕೆಯ ದಾಸ್ತಾನಿಗೆ ಆರಂಭದಲ್ಲಿ ಮೈನಸ್ 70 ಡಿಗ್ರಿಯಷ್ಟು ಶೀತ ಬೇಕಿತ್ತು. ರಾಯಚೂರಿನ ಬೇಸಿಗೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರ ಅದನ್ನು ಎಲ್ಲಿಂದ ತಂದೀತು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಲ್ಲಿಯೇ ಹುಟ್ಟಿದ ಮಿನ್‌ವ್ಯಾಕ್ಸ್ ಕಂಪನಿ ರೂಪಿಸಿದ ಪ್ರೋಟೀನ್ ಲಸಿಕೆ ಪ್ರಯೋಗಾಲಯದಲ್ಲಿ 37 ಡಿಗ್ರಿಯಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲಿ 90 ನಿಮಿಷ ಕೆಡದೆ ಉಳಿದಿತ್ತು. ವೈರಸ್ ರೂಪ ಬದಲಿಸುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಒಮಿಕ್ರಾನ್ ಅದನ್ನು ತೋರಿಸಿಕೊಟ್ಟಿತು. ಹಾಗಾಗಿಯೇ ಹಲವು ಕೊರೊನಾ ವೈರಸ್‌ಗಳ ತುಣುಕುಗಳನ್ನು ಒಂದೇ ನ್ಯಾನೊಕಣದ ಮೇಲೆ ಕೂರಿಸುವ ಪ್ರಯತ್ನಗಳು ನಡೆದಿವೆ. ಅಂಥ ಲಸಿಕೆಗಳ ಮಾನವ ಪ್ರಯೋಗದ ಖರ್ಚನ್ನು ಸರ್ಕಾರ ಈಗಲೇ ಹೊರಬೇಕು. ಗಿರಾಕಿ ಇಲ್ಲದ ಸರಕಿಗೆ ಖಾಸಗಿ ಬಂಡವಾಳ ಬರುವುದಿಲ್ಲ.