ಬೆರಳು ಕನ್ನಡದ್ದು, ವರದಿ ಇಂಗ್ಲಿಷಿನದು!

ಪೀಣ್ಯ, ಬೊಮ್ಮಸಂದ್ರ, ಬಿಡದಿ, ನಂಜನಗೂಡು... ಯಾವ ಕೈಗಾರಿಕಾ ಪ್ರದೇಶಕ್ಕಾದರೂ ಹೋಗಿ ನೋಡಿ. ದೊಡ್ಡ ಕಾರ್ಖಾನೆಯ ಗೇಟಿನ ಒಳಗೆ ‘ಅಪಘಾತವಿಲ್ಲದ ದಿನಗಳು’ ಎಂದು ಸಂಖ್ಯೆ ಬರೆದ ಬೋರ್ಡು ಕಾಣುತ್ತದೆ. ಈಗೀಗ ಆ ಲೆಕ್ಕ ಇಡುವುದು ಸಾಫ್ಟ್‌ವೇರ್. ಬೆರಳು ತುಂಡಾದರೆ, ಆಸಿಡ್ ಡ್ರಮ್ಮು ಸೋರಿದರೆ, ಶುದ್ಧೀಕರಿಸದ ನೀರು ಮೋರಿ ಸೇರಿದರೆ ಅದರಲ್ಲಿ ದಾಖಲಾಗಬೇಕು. ತನಿಖೆ ಮಾಡಿದ್ದು ಯಾರು, ಸರಿಪಡಿಸಿದ್ದು ಏನು, ಯಾವ ತಾರೀಖಿನೊಳಗೆ, ಎಲ್ಲ ಅದರಲ್ಲೇ. ಗಡುವು ಮೀರಿದರೆ ಮ್ಯಾನೇಜರನ ಮೊಬೈಲು ಕೂಗುತ್ತದೆ. ಹಳೆಯ ಫೈಲಿನಂತೆ ಬೀರುವಿನಲ್ಲಿ ನಿದ್ದೆ ಹೊಡೆಯುವಂತಿಲ್ಲ. ಒಳ್ಳೆಯ ವ್ಯವಸ್ಥೆಯೇ, ಬೇಡ ಎಂದವರು ಯಾರು?

ನಮ್ಮ ಪ್ರಶ್ನೆ ಒಂದೇ ಸ್ವಾಮಿ: ಅದಕ್ಕೆ ಕನ್ನಡ ಬರುತ್ತದೆಯೇ?

ಬರದ ಕಡೆ ಏನಾಗುತ್ತದೆ ನೋಡಿ. ಪೆಡಲ್ ತುಳಿಯದೆಯೇ ಪ್ರೆಸ್ಸು ಇಳಿಯುತ್ತಿದೆ ಎಂಬುದು ಆ ಹುಡುಗನಿಗೆ ಗೊತ್ತು. ಹೇಳಬೇಕೆಂದು ಮೊಬೈಲು ತೆರೆದರೆ ಉದ್ದದ ಇಂಗ್ಲಿಷ್ ಪಟ್ಟಿ. ಅಪಾಯದ ವರ್ಗ ಯಾವುದು, ಮೂಲ ಕಾರಣ ಯಾವುದು, ತೀವ್ರತೆ ಎಷ್ಟು? ಅವನು ಮೊಬೈಲು ಜೇಬಿಗಿಟ್ಟು ಸೂಪರ್‌ವೈಸರ್‌ಗೆ ಬಾಯಲ್ಲಿ ಹೇಳಿ ಕೆಲಸಕ್ಕೆ ಹೋಗುತ್ತಾನೆ. ಮೂರನೆಯ ದಿನ ಬೆರಳು ಹೋಗುತ್ತದೆ. ಆಗ ಫಾರಂ ತುಂಬುವವನು ಅದೇ ಸೂಪರ್‌ವೈಸರ್. ‘ಪ್ರೆಸ್ಸು ತಾನಾಗಿಯೇ ಇಳಿಯಿತು ಸಾರ್, ಮೊನ್ನೆಯೇ ಹೇಳಿದ್ದೆ’ ಎಂಬ ಮಾತು ಕಂಪ್ಯೂಟರಿಗೆ ಹೋಗುವಷ್ಟರಲ್ಲಿ ‘ಆಪರೇಟರ್ ನೆಗ್ಲಿಜೆನ್ಸ್’ ಎಂಬ ಎರಡು ಪದವಾಗಿರುತ್ತದೆ. ‘ಮೊನ್ನೆಯೇ ಹೇಳಿದ್ದೆ’ ಎಂಬುದು ಎಲ್ಲಿ ಬಿದ್ದುಹೋಯಿತು? ಪರಿಹಾರದ ವ್ಯಾಜ್ಯ ನಿಂತರೆ ಆ ಹುಡುಗನಿಗೆ ಬೇಕಾಗುವುದು ಆ ಎರಡು ಪದವೇ!

1931ರಷ್ಟು ಹಿಂದೆಯೇ ಅಮೆರಿಕದ ವಿಮಾ ಕಂಪನಿಯ ಹೈನ್‌ರಿಚ್ ಎಂಬಾತ ಒಂದು ಲೆಕ್ಕ ಕೊಟ್ಟ. ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯ, 300 ಗಾಯವಾಗದೆ ತಪ್ಪಿದ ಪ್ರಸಂಗ. ಈ ಅಂಕಿಗಳನ್ನು ಒಪ್ಪದ ತಜ್ಞರಿದ್ದಾರೆ, ಇರಲಿ. ಆದರೆ ಸ್ವಲ್ಪದರಲ್ಲಿ ತಪ್ಪಿದ್ದನ್ನು ಮೊದಲು ಕಾಣುವವನು ಯಂತ್ರದ ಮುಂದೆ ನಿಂತವನೇ ಹೊರತು ಎಸಿ ಕೋಣೆಯಲ್ಲಿ ಕೂತವನಲ್ಲ. ಅವನ ಬಾಯಿ ಕಟ್ಟಿದರೆ ಪರದೆಯ ಮೇಲೆ ಎಲ್ಲವೂ ಹಸಿರೋ ಹಸಿರು.

ಭೋಪಾಲವನ್ನು ನೆನೆಯಿರಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡಿನಿಂದ ವಿಷಾನಿಲ ಸೋರಿದ್ದಕ್ಕೆ ಭಾಷೆ ಕಾರಣವಲ್ಲ. ಟ್ಯಾಂಕಿಗೆ ನೀರು ಹೊಕ್ಕಿತ್ತು, ಅದನ್ನು ತಣ್ಣಗಿಡುವ ಘಟಕವನ್ನು ಮೊದಲೇ ನಿಲ್ಲಿಸಲಾಗಿತ್ತು. ಆದರೆ ಕಾರ್ಖಾನೆಯ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು, ಓದಬೇಕಾದ ಅನೇಕರಿಗೆ ಆ ಭಾಷೆ ಅಷ್ಟಕ್ಕಷ್ಟೆ. 1981ರಲ್ಲೇ ಅಲ್ಲಿ ಫಾಸ್ಜೀನ್ ಅನಿಲಕ್ಕೆ ಒಬ್ಬ ಕೆಲಸಗಾರ ಬಲಿಯಾಗಿದ್ದ. ಊರು ಅಪಾಯದಲ್ಲಿದೆ ಎಂದು 1982ರಲ್ಲಿ ಮತ್ತೆ ಮತ್ತೆ ಬರೆದದ್ದು ಯಾರು? ರಾಜಕುಮಾರ್ ಕೇಸ್ವಾನಿ, ‘ರಪಟ್’ ಎಂಬ ತಮ್ಮ ಪುಟ್ಟ ಹಿಂದಿ ವಾರಪತ್ರಿಕೆಯಲ್ಲಿ. ಕೆಲಸಗಾರರು ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ಬರೆದದ್ದು. ಕಂಪನಿಯ ಕಡತಕ್ಕೆ ಆ ಕಿವಿ ಇರಲಿಲ್ಲ.

ಕಾನೂನು ಇದನ್ನು ಕಾಣದೆ ಇರಲಿಲ್ಲ. ಕಾರ್ಖಾನೆಯ ಸೂಚನೆಗಳು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆ ಹೇಳಿತ್ತು. ಗಾಯವಾದವನು ಬಾಯಿಮಾತಿನಲ್ಲಿ ತಿಳಿಸಿದರೂ ನಡೆಯುತ್ತದೆ ಎಂದು ಇಎಸ್‌ಐನ 1950ರ ನಿಯಮಾವಳಿ ಒಪ್ಪಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸುರಕ್ಷತಾ ಸಂಹಿತೆ, ಅಪಾಯ ಕಂಡರೆ ತಿಳಿಸುವುದು ಕೆಲಸಗಾರನ ಕರ್ತವ್ಯ ಎನ್ನುತ್ತದೆ. ಕರ್ತವ್ಯ ಕನ್ನಡಿಗನಿಗೆ, ಫಾರಂ ಮಾತ್ರ ಇಂಗ್ಲಿಷಿಗೆ! 1950ರ ಗುಮಾಸ್ತ ಕೇಳಿಸಿಕೊಳ್ಳಬೇಕಿದ್ದ ಮಾತನ್ನು ಈಗಿನ ಕಂಪ್ಯೂಟರ್ ಕೇಳಿಸಿಕೊಳ್ಳುವುದಿಲ್ಲವಂತೆ!

‘ತಾಂತ್ರಿಕ ತೊಂದರೆ’ ಎಂಬ ರಾಗ ಬೇಡ. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡ ಲಿಪಿ ಇತ್ತು. ಮೊಬೈಲಿಗೆ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುವ ಕಾಲ ಇದು. ‘ವಿದೇಶದ ಹೆಡ್ಡಾಫೀಸಿಗೆ ಇಂಗ್ಲಿಷ್ ಬೇಕು’ ಎನ್ನುತ್ತೀರಾ? ಅನುವಾದ ಮಾಡಿಕೊಳ್ಳಿ, ಮೂಲ ಮಾತನ್ನು ಅಳಿಸಬೇಡಿ. ಜಪಾನಿನ ಕೆಲಸಗಾರ ತನ್ನ ಕಾರ್ಖಾನೆಯಲ್ಲಿ ಜಪಾನಿಯಲ್ಲೇ ಬರೆಯುವುದಿಲ್ಲವೇ? ಒಡಿಶಾ, ಅಸ್ಸಾಂ, ಬಿಹಾರದಿಂದ ಬಂದು ನಮ್ಮ ಹುಡುಗರ ಪಕ್ಕದಲ್ಲೇ ದುಡಿಯುವವರಿಗೂ ಅವರವರ ಭಾಷೆ ಸಿಗಲಿ. ಅವರ ಕೈಯೂ ಕೈಯೇ.

ಗೆಳೆಯರೇ, ಇಂಥ ಸಾಫ್ಟ್‌ವೇರ್ ಬರೆಯುವ ಕಂಪನಿಗಳಲ್ಲಿ ನೀವೂ ಇದ್ದೀರಿ. ಕನ್ನಡ ಹಾಕುವಾಗ ‘ಸಮೀಪಸ್ಖಲಿತ ಘಟನೆ’ ಎಂಬ ಗಂಟಲಿಗೆ ಸಿಕ್ಕಿಕೊಳ್ಳುವ ಪದ ಹಾಕಿ ನಗೆಪಾಟಲಾಗಬೇಡಿ. ‘ಸ್ವಲ್ಪದರಲ್ಲಿ ತಪ್ಪಿತು’ ಎನ್ನಿ. ಗಾರ್ಡು, ಪ್ರೆಸ್ಸು, ಬೆಲ್ಟು ಹಾಗೆಯೇ ಇರಲಿ. ಧ್ವನಿಯಲ್ಲಿ ಹೇಳಲು ಒಂದು ಗುಂಡಿ ಇಡಿ. ಹೇಳಿದ್ದನ್ನು ಸೂಪರ್‌ವೈಸರ್ ತಿದ್ದಲಾಗದಂತೆ ಬೀಗ ಹಾಕಿ, ಒಂದು ಪ್ರತಿ ಹೇಳಿದವನ ಮೊಬೈಲಿಗೂ ಹೋಗಲಿ. ಕಾರ್ಖಾನೆಯಲ್ಲಿರುವ ಗೆಳೆಯರು ಮುಂದಿನ ಸುರಕ್ಷತಾ ಸಮಿತಿ ಸಭೆಯಲ್ಲಿ ಇದನ್ನೇ ಎತ್ತಿ, ನಡಾವಳಿ ಪುಸ್ತಕದಲ್ಲಿ ಕನ್ನಡದಲ್ಲೇ ಬರೆಸಿ, ಸಹಿ ಹಾಕಿಸಿಕೊಳ್ಳಿ.