ಕೆಡಹುವ ಕೊಳವೆಗೂ ಹೆಸರು ಬೇಕು

ಬೆಂಗಳೂರಿನ ಕಚೇರಿಯೊಂದರಲ್ಲಿ ಕುಳಿತ ಮನೆಮಕ್ಕಳು ಅಮೆರಿಕದ ಆಸ್ಪತ್ರೆಯೊಂದರ ಕೊಳವೆಗಳ ನಕ್ಷೆ ಬರೆಯುತ್ತಾರೆಂದರೆ ಊರಿನಲ್ಲಿರುವ ಹಿರಿಯರಿಗೆ ನಂಬಿಕೆ ಬರುವುದು ಕಷ್ಟ. ಹೊಸೂರಿನಿಂದ ಬೆಳಗಾದರೆ ಬಸ್ಸು ಹತ್ತುವ, ಕಾಸರಗೋಡು ಸೊಲ್ಲಾಪುರಗಳಿಂದ ಹೋಗಿ ನೆಲೆಸಿದ ನಮ್ಮ ತರುಣ ತರುಣಿಯರಲ್ಲಿ ಕೆಲವರಿಗೆ ಇಂದು ಇದೇ ಜೀವನೋಪಾಯ. ಏನು ಕೆಲಸವೆಂದು ಕೇಳಿದರೆ ‘ರೆವಿಟ್’ ಎಂಬ ಒಂದೇ ಮಾತು ಹೇಳಿ ಸುಮ್ಮನಾಗುತ್ತಾರೆ. ನಮ್ಮ ಓದುಗರು ಅಷ್ಟಕ್ಕೆ ತೃಪ್ತರಾಗುವವರಲ್ಲ. ಆದಕಾರಣ ಆ ಕೆಲಸದ ಒಂದು ಮೂಲೆಯನ್ನು, ಅಂದರೆ ಹಳೆಯ ಕಟ್ಟಡವನ್ನು ನವೀಕರಿಸುವಾಗ ಕಿತ್ತುಹಾಕಬೇಕಾದ ಕೊಳವೆಗಳಿಗೆ ನಕ್ಷೆಯಲ್ಲಿ ಹೆಸರು ಬರೆಯುವ ಕೆಲಸವನ್ನು, ಈ ತಿಂಗಳು ಪರಿಚಯಿಸಲೆಳಸುತ್ತೇವೆ.

ಹೋಗಲಿರುವ ವಸ್ತುವಿಗೆ ಹೆಸರೇಕೆ ಎಂಬ ಪ್ರಶ್ನೆ ಸಹಜ. ಪುರಸಭೆಗೆ ಮನೆಯ ನಕ್ಷೆ ಒಪ್ಪಿಸಿದವರು ಬಲ್ಲರು: ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪದ್ಧತಿಯಂತೆ ಹೊಸ ಕಟ್ಟಣೆಗೆ ಕೆಂಪು, ಇರುವುದಕ್ಕೆ ಕಪ್ಪು, ಕೆಡಹುವುದಕ್ಕೆ ಹಳದಿಯ ಓರೆಗೆರೆ. ಗೋಡೆಗೆ ಇಷ್ಟು ಸಾಕು. ಹಳದಿ ಬಳಿದ ಗೋಡೆಯನ್ನು ಗಾರೆಯವನು ಕಣ್ಣಿಂದಲೇ ಗುರುತಿಸುತ್ತಾನೆ. ಕೊಳವೆಯ ಮಾತು ಬೇರೆ.

ದೊಡ್ಡ ಆಸ್ಪತ್ರೆಯೊಂದರ ಸೂರಿನ ಹಲಗೆಯನ್ನು ಸರಿಸಿ ಮೇಲೆ ನೋಡಿದರೆ ತಣ್ಣೀರು, ಬಿಸಿನೀರು, ಬಾಯ್ಲರಿಗೆ ಮರಳುವ ಬಿಸಿನೀರು, ಉಗಿ, ಆಮ್ಲಜನಕ, ರೋಗಿಯ ಗಂಟಲಿನ ಕಫವನ್ನು ಹೀರುವ ನಿರ್ವಾತ, ಬೆಂಕಿ ನಂದಿಸುವ ನೀರು ಎಲ್ಲವೂ ಒಂದರ ಪಕ್ಕದಲ್ಲೊಂದು ಸಾಗಿರುತ್ತವೆ. ಧೂಳು ಮುಸುಕಿ, ಬಣ್ಣ ಮಾಸಿ, ಹಲವು ಒಂದೇ ಬಗೆಯಾಗಿ ಕಾಣುತ್ತವೆ. ಇವುಗಳಲ್ಲಿ ಎರಡನ್ನು ಕೊಯ್ದು ತೆಗೆಯಬೇಕು. ಉಳಿದವು ಕೆಲಸ ನಡೆದಿರುವಾಗಲೂ ಪಕ್ಕದ ವಾರ್ಡಿಗೆ ಹರಿಯುತ್ತಲೇ ಇರಬೇಕು. ಏಣಿಯ ಮೇಲೆ ಗರಗಸ ಹಿಡಿದು ನಿಂತವನ ಕೈಯಲ್ಲಿರುವುದು ನಕ್ಷೆಯ ಹಾಳೆಯೊಂದೇ. ಅದರಲ್ಲಿ ‘ಎರಡು ಅಂಗುಲದ ಕೊಳವೆ, ತೆಗೆಯತಕ್ಕದ್ದು’ ಎಂದಷ್ಟೇ ಇದ್ದರೆ ಅವನೇನು ಮಾಡಬೇಕು? ನೀರಿನದೆಂದು ತಿಳಿದು ಉಗಿಯದನ್ನು ಕೊಯ್ದರೆ ಮೈ ಬೇಯುವುದು. ಆಮ್ಲಜನಕದ್ದನ್ನು ಕೊಯ್ದರೆ ಗೋಡೆಯಾಚೆ ಮಲಗಿರುವ, ಅವನು ಮುಖವನ್ನೇ ಕಾಣದ ಯಾರದೋ ಉಸಿರಿಗೆ ಸಂಚಕಾರ. ಯಾವ ಕವಾಟ ಮುಚ್ಚಬೇಕು, ಯಾರಿಗೆ ಮುನ್ಸೂಚನೆ ಕೊಡಬೇಕು ಎಂಬುದೂ ಆ ಕೊಳವೆಯ ಹೆಸರಿನಿಂದಲೇ ತಿಳಿಯಬೇಕು. ಹೊಸ ಕೊಳವೆಯ ಹೆಸರಿಗಿಂತ ಹಳೆಯದರ ಹೆಸರೇ ಮುಖ್ಯವೆಂದು ನಾವು ಭಾವಿಸುವುದು ಇದಕ್ಕಾಗಿ. ಹೊಸದು ಜೋಡಿಸುವ ದಿನ ಬರಿದಾಗಿರುತ್ತದೆ, ಹಳೆಯದು ತುಂಬಿರುತ್ತದೆ.

ಇನ್ನು ಗಣಕಯಂತ್ರದ ಕಡೆಗೆ ಬರೋಣ. ರೆವಿಟ್ಟನ್ನು 1997ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಚಾರ್ಲ್ಸ್ ರಿವರ್ ಸಾಫ್ಟ್‌ವೇರ್ ಎಂಬ ಸಂಸ್ಥೆ ರೂಪಿಸಿ 2000ದಲ್ಲಿ ಹೊರತಂದಿತು. 2002ರಲ್ಲಿ ಆಟೋಡೆಸ್ಕ್ ಕೊಂಡುಕೊಂಡಿತು. ಇದರಲ್ಲಿ ಎಳೆಯುವುದು ಬರಿಯ ಗೆರೆಯನ್ನಲ್ಲ. ಪ್ರತಿಯೊಂದು ಕೊಳವೆಯೂ ತನ್ನ ಅಳತೆ, ಎತ್ತರ, ಲೋಹಗಳನ್ನು ತಾನೇ ಬಲ್ಲ ಒಂದು ವಸ್ತು. ಕಾಲದ ಲೆಕ್ಕವೂ ಅದಕ್ಕುಂಟು. ಯಾವ ಹಂತದಲ್ಲಿ ಹುಟ್ಟಿತು, ಯಾವ ಹಂತದಲ್ಲಿ ಕೆಡಹಲ್ಪಟ್ಟಿತು ಎಂಬ ಎರಡು ಕಲಮುಗಳನ್ನು ತುಂಬಿದರಾಯಿತು. ಕೆಡಹುವುದಕ್ಕೆ ಸುತ್ತಿಗೆಯ ಚಿತ್ರವಿರುವ ಒಂದು ಉಪಕರಣವಿದೆ. ಅದನ್ನು ಆರಿಸಿ ಕೊಳವೆಯನ್ನು ಒತ್ತಿದೊಡನೆ ಅದು ತುಂಡುಗೆರೆಯಾಗಿ ಕಾಣತೊಡಗುತ್ತದೆ. ಬೇಕಾದ ಹಂತದ ಜರಡಿಯನ್ನು ಹಾಕಿದರೆ ಒಂದೇ ಕಟ್ಟಡದಿಂದ ‘ಇದ್ದದ್ದು’, ‘ಕೆಡಹುವುದು’, ‘ಹೊಸತು’ ಎಂಬ ಮೂರು ಹಾಳೆಗಳನ್ನು ಪಡೆಯಬಹುದು. ಕಾಗದದ ಕಾಲದಲ್ಲಿ ಮೂರು ಸಲ ಬರೆಯಬೇಕಾಗಿತ್ತು.

ತೊಡಕು ಇರುವುದು ಇಲ್ಲಿಯೇ. ಕೊಳವೆಯ ಅಳತೆ ಅದರ ಸ್ವಂತದ್ದು. ಆದರೆ ‘ಬಿಸಿನೀರು’, ‘ಉಗಿ’ ಎಂಬ ಹೆಸರು ಅದರ ಸ್ವಂತದ್ದಲ್ಲ. ಅದು ಯಾವ ಕೊಳವೆಜಾಲಕ್ಕೆ, ಅಂದರೆ ಇವರ ಮಾತಿನಲ್ಲಿ ಯಾವ ‘ಸಿಸ್ಟಂ’ಗೆ ಸೇರಿದೆಯೋ ಅದರಿಂದ ಬಂದ ಮನೆತನದ ಹೆಸರು. ಸುತ್ತಿಗೆ ಬಿದ್ದೊಡನೆ ಕೊಳವೆ ಆ ಜಾಲದಿಂದ ಕಳಚಿಕೊಳ್ಳುತ್ತದೆ. ಪಡಿತರ ಚೀಟಿಯಿಂದ ಹೆಸರು ಹೊಡೆದುಹಾಕಿದಂತೆ! ಅಳತೆ ಉಳಿಯುತ್ತದೆ, ಮನೆತನ ಹೋಗುತ್ತದೆ. ಅದಕ್ಕೆ ಅಂಟಿಸಿದ ಗುರುತುಚೀಟಿ, ‘ಟ್ಯಾಗ್’ ಎನ್ನುತ್ತಾರೆ, ಜಾಲದ ಹೆಸರಿನ ಜಾಗದಲ್ಲಿ ಬರಿದಾಗುತ್ತದೆ. ಚೀಟಿಯಲ್ಲಿ ಬೇರೇನೂ ಇಲ್ಲದಿದ್ದರೆ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ನಿಲ್ಲುತ್ತದೆ. ಜಾಲದ ಹೆಸರನ್ನು ನೋಡಿ ಬಣ್ಣ ಕೊಡುವ ಏರ್ಪಾಡು ಇದ್ದರೆ ಬಣ್ಣವೂ ಹೋಗುತ್ತದೆ. ಯಂತ್ರದ ತರ್ಕದಲ್ಲಿ ತಪ್ಪಿಲ್ಲ; ಕೆಡಹಿದ ಕೊಳವೆಯಲ್ಲಿ ನೀರು ಹರಿಯದು, ಹರಿಯದ್ದಕ್ಕೆ ಜಾಲವೆಲ್ಲಿಯದು? ಆದರೆ ಗರಗಸ ಹಿಡಿದವನಿಗೆ ಈ ತರ್ಕದಿಂದ ಪ್ರಯೋಜನವಿಲ್ಲ.

ಇದಕ್ಕೆ ಕೆಲವರು ಅನುಸರಿಸುವ ಸುಲಭೋಪಾಯವೆಂದರೆ ಕೊಳವೆಯ ಪಕ್ಕದಲ್ಲಿ ಕೈಯಿಂದಲೇ ಅಕ್ಷರ ಬರೆದುಬಿಡುವುದು. ನಮಗೆ ಇದು ಒಪ್ಪಿಗೆಯಿಲ್ಲ. ಹಾಗೆ ಬರೆದ ಅಕ್ಷರಕ್ಕೂ ಕೊಳವೆಗೂ ನಂಟಿರದು. ಸ್ಥಳಪರೀಕ್ಷೆಯ ಬಳಿಕ ಕೊಳವೆಯನ್ನು ಎರಡು ಅಡಿ ಸರಿಸಿದರೆ ಅಕ್ಷರ ಇದ್ದಲ್ಲಿಯೇ ಉಳಿದು ನೆರೆಯ ಕೊಳವೆಯನ್ನು ತೋರಿಸತೊಡಗುತ್ತದೆ. ಹೆಸರಿಲ್ಲದಿರುವುದಕ್ಕಿಂತ ತಪ್ಪು ಹೆಸರು ಕೆಟ್ಟದ್ದು. ಬಲ್ಲವರು ಮಾಡುವುದು ಬೇರೆ. ಸುತ್ತಿಗೆ ಹಾಕುವುದಕ್ಕೆ ಮುನ್ನವೇ ಪ್ರತಿ ಕೊಳವೆಗೂ ‘ಹಿಂದಿನ ಜಾಲ’ ಎಂಬ ಹೊಸದೊಂದು ಕಲಮನ್ನು ಸೇರಿಸಿ, ಜಾಲ ಜೀವಂತವಾಗಿರುವಾಗಲೇ ಅದರ ಹೆಸರನ್ನು ಅಲ್ಲಿ ನಕಲು ಮಾಡಿಡುತ್ತಾರೆ. ಕೊಳವೆಗಳು ಸಾವಿರಾರು ಇದ್ದಲ್ಲಿ ಪಟ್ಟಿಯ ಮೂಲಕ, ಇಲ್ಲವೇ ಡೈನಮೋ ಎಂಬ ಸಹಾಯಕ ಉಪಕರಣದಿಂದ ಒಮ್ಮೆಗೇ ತುಂಬಬಹುದು. ಕೆಡಹುವ ಹಾಳೆಗೆಂದೇ ಪ್ರತ್ಯೇಕವಾಗಿ ಮಾಡಿಕೊಂಡ ಗುರುತುಚೀಟಿ ಈ ಕಲಮನ್ನು ಓದುತ್ತದೆ. ಆಗ ಮನೆತನ ಬಿಟ್ಟರೂ ಹೆಸರು ಬಿಡದು. ಕೆಲಸದ ಕ್ರಮವೇ ಇದರ ಜೀವಾಳ: ಮೊದಲು ಹೆಸರು, ಆಮೇಲೆ ಸುತ್ತಿಗೆ. ಗಡುವಿನ ಅವಸರದಲ್ಲಿ ಇದು ಹಿಂದುಮುಂದಾದರೆ ಹಳೆಯ ಕಡತಗಳನ್ನು ಕೆದಕಿ ಒಂದೊಂದಕ್ಕೂ ಹೆಸರು ಹುಡುಕಬೇಕಾಗುತ್ತದೆ.

ಚೀಟಿಯಲ್ಲಿ ಹೆಸರಿನ ಜೊತೆಗೆ ಇನ್ನೆರಡು ಸಂಗತಿ ಇರಬೇಕು. ಎಲ್ಲಿಂದ ಎಲ್ಲಿಯವರೆಗೆ ತೆಗೆಯುವುದು, ಉಳಿದ ತುದಿಗೆ ಎಲ್ಲಿ ಮುಚ್ಚಳ ಬಿಗಿಯುವುದು ಎಂಬುದೊಂದು. ಉದ್ದನೆಯ ಕೊಳವೆಯನ್ನು ನಕ್ಷೆಯಲ್ಲಿ ಮೊದಲು ಆ ಸ್ಥಳದಲ್ಲೇ ತುಂಡರಿಸಿ, ಬಳಿಕ ಒಂದು ಭಾಗವನ್ನಷ್ಟೇ ಕೆಡಹಬೇಕು. ಹರಿಯುವ ಕೊಳವೆಯಿಂದ ದೂರದಲ್ಲಿ ಮುಚ್ಚಿದರೆ ನಡುವಿನ ತುಂಡಿನಲ್ಲಿ ನೀರು ನಿಂತು ಕೊಳೆಯುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಹಬ್ಬಿದ ನ್ಯುಮೋನಿಯಾದಿಂದ ಬೆಳಕಿಗೆ ಬಂದ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯ ಇಂಥ ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಬೆಳೆಯಬಲ್ಲದು. ಎರಡನೆಯದು ಹೊದಿಕೆ. ಹಳೆಯ ಉಗಿಕೊಳವೆಗಳಿಗೆ ಆಸ್‌ಬೆಸ್ಟಾಸ್ ಸುತ್ತುವುದು ಹಿಂದೆ ರೂಢಿಯಾಗಿತ್ತು. ಅದರ ನಾರು ಶ್ವಾಸಕೋಶವನ್ನು ಸೇರಿದರೆ ದಶಕಗಳ ಬಳಿಕವೂ ಪ್ರಾಣಾಂತಿಕ. ಶಂಕೆಯಿದ್ದಲ್ಲಿ ಚೀಟಿ ಅದನ್ನೂ ನುಡಿಯಬೇಕು.

ಹಳೆಯ ಮನೆ ರಿಪೇರಿ ಮಾಡಿಸುವ ನಮ್ಮವರಿಗೆ ರೆವಿಟ್ ಬೇಡ. ಪ್ಲಂಬರ್ ಬರುವ ಹಿಂದಿನ ದಿನ ಒಂದೊಂದೇ ನಲ್ಲಿಯನ್ನು ತೆರೆದು, ಕವಾಟಗಳನ್ನು ಸರದಿಯಂತೆ ಮುಚ್ಚಿ, ಯಾವ ಕೊಳವೆ ತೊಟ್ಟಿಯದು, ಯಾವುದು ಬೀದಿಯ ನಲ್ಲಿಯದು, ಯಾವುದು ಸ್ನಾನದ ಮನೆಗೆ ಹೋಗುತ್ತದೆ ಎಂದು ನೋಡಿ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದಿಡಿ. ತೆಗೆಯತಕ್ಕದ್ದರ ಮೇಲೆ ಬರಿಯ ಅಡ್ಡಗೆರೆ ಎಳೆಯದೆ, ಅದರ ಹೆಸರನ್ನೂ ಬರೆಯಿರಿ. ಒಳಗೆ ಹುದುಗಿದ ಕೊಳವೆಗಳಿದ್ದರೆ ಗೋಡೆ ಒಡೆದಾಗ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಒಂದು ಫೋಟೋ ತೆಗೆದು, ಮನೆಪತ್ರಗಳ ಜೊತೆಗೆ ಇರಿಸಿಕೊಳ್ಳಿ.